ಕಾರ್ಖಾನೆಯ 11 ಕೆವಿ ವ್ಯಾಕ್ಯೂಮ್ ಬ್ರೇಕರ್: ವಾರ್ಷಿಕ ತಪಾಸಣೆಗೆ ಕೈಹಚ್ಚುವ ಮುನ್ನ ಮತ್ತು ನಂತರ

ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, 11 ಕೆವಿ (11,000 ವೋಲ್ಟ್) ಸಂಪರ್ಕವಿರುವ ಕಾರ್ಖಾನೆಯ, ಹೊರಗಿನ ವಿದ್ಯುತ್ ಒಳಬರುವ ಇನ್‌ಕಮರ್ ಪ್ಯಾನೆಲ್ಲಿನಲ್ಲಿ ಬ್ರೇಕರ್ (ನಿರ್ವಾತದೊಳಗೆ ಕಾಂಟ್ಯಾಕ್ಟುಗಳನ್ನು ತೆರೆದು ವಿದ್ಯುತ್ ಕಡಿಯುವ ಸ್ವಿಚ್) ಆಫ್ ಆದ ಮಾತ್ರಕ್ಕೆ ವಿದ್ಯುತ್ ಹೋಯಿತೆಂದು ತಿಳಿಯಬಾರದು. ಬ್ರೇಕರ್ ಕೂತಿರುವ ಟ್ರಾಲಿಯನ್ನು ಪೂರ್ತಿ ಹೊರಗೆಳೆದರೂ ಒಳಗಿನ ಎರಡು ಶಟರ್‌ಗಳಲ್ಲಿ ಒಂದರ ಹಿಂದೆ ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಕೇಬಲ್ಲು ಲೈವ್ ಆಗಿಯೇ ಇರುತ್ತದೆ. ಒರೆಸುವ ನೆಪದಲ್ಲಿ ಆ ಶಟರನ್ನು ಕೈಯಿಂದ ಎತ್ತುವುದಕ್ಕಿಂತ ಅಪಾಯಕಾರಿ ಕೆಲಸ ಈ ಕೋಣೆಯಲ್ಲಿ ಮತ್ತೊಂದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಂತೆ ಅಧಿಕೃತವಾಗಿ ನಿಯೋಜಿತರಾದವರು ಮಾತ್ರ ಈ ತಪಾಸಣೆಗೆ ಕೈಹಾಕಬೇಕು.

ಮೊದಲು ಎಲ್‌ಟಿ (415 ವೋಲ್ಟಿನ ಕಡಿಮೆ ಒತ್ತಡದ) ಕಡೆಯ ಲೋಡನ್ನೂ ಕೆಪಾಸಿಟರ್ ಬ್ಯಾಂಕನ್ನೂ ತೆಗೆದು, ಆಮೇಲೆ ಬ್ರೇಕರನ್ನು ರಿಲೇಯ (ದೋಷ ಗುರುತಿಸಿ ಬ್ರೇಕರಿಗೆ ಆದೇಶ ಕೊಡುವ ಸಾಧನದ) ಮೂಲಕವೇ ಟ್ರಿಪ್ ಮಾಡಿಸಿ, ಅಂದರೆ ತೆರೆಯಿಸಿ. ತಿಂಗಳುಗಟ್ಟಲೆ ಅಲುಗಾಡದೆ ನಿಂತಿದ್ದ ಯಂತ್ರಾಂಗದ ನಿಜವಾದ ಸ್ಥಿತಿ ತಿಳಿಯುವುದು ಈ ಮೊದಲ ಟ್ರಿಪ್‌ನಲ್ಲಿಯೇ. ನಾಲ್ಕು ಬಾರಿ ಆನ್-ಆಫ್ ಮಾಡಿದ ಮೇಲೆ ಗಟ್ಟಿಯಾದ ಗ್ರೀಸು ಸಡಿಲವಾಗಿ, ರೋಗ ಮರೆಯಾಗಿಬಿಡುತ್ತದೆ. ಆದ್ದರಿಂದ ಟ್ರಿಪ್ ಆದೇಶಕ್ಕೂ ಬ್ರೇಕರ್ ತೆರೆದ ಸಂಕೇತಕ್ಕೂ ನಡುವಿನ ಮಿಲಿಸೆಕೆಂಡುಗಳನ್ನು ರಿಲೇಯ ದಾಖಲೆಯಿಂದ ಬರೆದುಕೊಂಡು, ಕಳೆದ ವರ್ಷದ ಅಂಕಿಯ ಪಕ್ಕದಲ್ಲಿ ಇಡಿ.

ಬಳಿಕ ಟ್ರಾಲಿಯನ್ನು ಐಸೊಲೇಟ್ (ಸಂಪರ್ಕ ಕಡಿದ) ಸ್ಥಾನಕ್ಕೆ ತನ್ನಿ. ಕೇಬಲ್ ಕಡೆಯಲ್ಲೂ ಕೆಲಸವಿದ್ದರೆ ಎಸ್ಕಾಂನಿಂದ ಬರಹದಲ್ಲಿ ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ತೆಗೆದಿದೆಯೆಂಬ ಅನುಮತಿ, ಪಡೆಯಬೇಕು. ಫೋನಿನಲ್ಲಿ ಹೇಳಿದ್ದು ಲೈನ್ ಕ್ಲಿಯರ್ ಅಲ್ಲ. ಜಿಒಎಸ್ (ಮೂರೂ ಫೇಸುಗಳನ್ನು ಒಟ್ಟಿಗೆ ತೆರೆಯುವ ಲೈನಿನ ಸ್ವಿಚ್) ತೆರೆದು ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಲಿ. ಜನರೇಟರ್ ಅಥವಾ ಚಾವಣಿಯ ಸೋಲಾರ್‌ನಿಂದ 415 ವೋಲ್ಟ್ ಹಿಂದಕ್ಕೆ ಹರಿದರೆ ಟ್ರಾನ್ಸ್‌ಫಾರ್ಮರ್ ಅದನ್ನೇ 11 ಕೆವಿಗೆ ಏರಿಸುತ್ತದೆ, ಆದ್ದರಿಂದ ಎಲ್‌ಟಿ ಬ್ರೇಕರನ್ನೂ ಹೊರಗೆಳೆದು ಬೀಗ ಹಾಕುವುದು ಅನಿವಾರ್ಯ. ವೋಲ್ಟೇಜ್ ಡಿಟೆಕ್ಟರನ್ನು ಲೈವ್ ಇರುವಲ್ಲಿ ಪರೀಕ್ಷಿಸಿ, ನಂತರ ಕೆಲಸದ ಜಾಗದ ಮೂರೂ ಫೇಸುಗಳಿಗೆ ಹಿಡಿದು, ಮತ್ತೆ ಲೈವ್ ಇರುವಲ್ಲಿ ಪರೀಕ್ಷಿಸಿದ ಮೇಲೆಯೇ ಅರ್ಥಿಂಗ್ ಮಾಡಬೇಕು. ಅರ್ಥಿಂಗ್ ಮಾಡುವಾಗ ಭೂಮಿಯ ತುದಿ ಮೊದಲು, ಫೇಸು ಆಮೇಲೆ; ಬಿಚ್ಚುವಾಗ ಇದರ ತಿರುವುಮುರುವು.

ಉಳಿದಿರುವ ಇನ್ನೊಂದು ಶತ್ರು, ಬ್ರೇಕರನ್ನು ಕ್ಲೋಸ್ ಮಾಡಲು ಮೋಟರು ಬಿಗಿದಿಟ್ಟಿರುವ ಸ್ಪ್ರಿಂಗ್. ಮೋಟರಿನ ಸಪ್ಲೈ ತೆಗೆಯದೆ ಸ್ಪ್ರಿಂಗನ್ನು ಖಾಲಿ ಮಾಡಿದರೆ, ಬ್ರೇಕರ್ ಕ್ಲೋಸ್ ಆದ ತಕ್ಷಣ ಮೋಟರು ಗರ್ರೆಂದು ತಿರುಗಿ ಅದನ್ನು ಮತ್ತೆ ಬಿಗಿಯುತ್ತದೆ. ಆದ್ದರಿಂದ ಮೊದಲು ಆ ಸಪ್ಲೈ ತೆಗೆದು, ಕ್ಲೋಸ್ ಒತ್ತಿ, ಟ್ರಿಪ್ ಒತ್ತಿ, ಸೂಚಕವು ಡಿಸ್‌ಚಾರ್ಜ್ ತೋರಿಸುವುದನ್ನು ಕಣ್ಣಾರೆ ನೋಡಿದ ನಂತರವೇ ಮುಂಭಾಗದ ಕವಚ ಬಿಚ್ಚಿರಿ. ಪ್ಯಾನೆಲ್ಲಿನ ತೇವ ತಡೆಯುವ ಸ್ಪೇಸ್ ಹೀಟರಿಗೆ ಬೇರೆ ಕಡೆಯಿಂದ ಬರುವ 230 ವೋಲ್ಟನ್ನೂ ಮರೆಯದೆ ತೆಗೆಯಿರಿ.

ಒಳಗಿನ ಹಳೆಯ ಗ್ರೀಸನ್ನು ಒರೆಸಿ, ತಯಾರಕರು ಸೂಚಿಸಿದ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ತುಕ್ಕು ಬಿಡಿಸುವ ಸ್ಪ್ರೇಯು ಅಲ್ಲಿರುವ ಗ್ರೀಸನ್ನೂ ತೊಳೆದುಬಿಡುವುದರಿಂದ ಅದು ಇಲ್ಲಿ ಸಲ್ಲದು. ಇನ್ಸುಲೇಟರುಗಳನ್ನು ನಾರು ಬಿಡದ ಒಣ ಬಟ್ಟೆಯಿಂದ ಒರೆಸಿ. ಆಯುಧಪೂಜೆಯ ಗಂಧ, ಕುಂಕುಮಗಳು ಪ್ಯಾನೆಲ್ಲಿನ ಹೊರಬಾಗಿಲಿಗೆ ಸಾಕು, ಒಳಕ್ಕೆ ಬೇಡ.

ಪರೀಕ್ಷೆಗಳಲ್ಲಿ ಹೆಚ್ಚು ಮಂದಿ ಎಡವುವುದು ಕಾಂಟ್ಯಾಕ್ಟುಗಳಿರುವ ವ್ಯಾಕ್ಯೂಮ್ ಬಾಟಲಿಯ ವಿಷಯದಲ್ಲಿ. 5 ಕೆವಿ ಮೆಗ್ಗರು (ಇನ್ಸುಲೇಶನ್ ಅಳೆಯುವ ಉಪಕರಣ) ಒಳ್ಳೆಯ ರೀಡಿಂಗ್ ಕೊಟ್ಟರೆ ನಿರ್ವಾತ ಸರಿಯಾಗಿದೆಯೆಂದು ಬರೆದುಬಿಡುತ್ತಾರೆ. ಆದರೆ ಬಾಟಲಿಯೊಳಗೆ ಗಾಳಿ ಹೊಕ್ಕಿದ್ದರೂ ತೆರೆದ ಕಾಂಟ್ಯಾಕ್ಟುಗಳ ನಡುವಿನ ಎಂಟು-ಹತ್ತು ಮಿಲಿಮೀಟರ್ ಅಂತರ 5 ಕೆವಿಯನ್ನು ಸುಲಭವಾಗಿ ತಡೆಯಬಲ್ಲದು. ನಿರ್ವಾತದ ಪರೀಕ್ಷೆಗೆ ಹೈ ವೋಲ್ಟೇಜ್ ಕಿಟ್ ಬೇಕು. 12 ಕೆವಿ ದರ್ಜೆಯ ಹೊಸ ಬ್ರೇಕರಿಗೆ 28 ಕೆವಿ, ಬಳಕೆಯಲ್ಲಿರುವುದಕ್ಕೆ ಅದಕ್ಕಿಂತ ಕಡಿಮೆ, ತಯಾರಕರು ಹೇಳಿದಷ್ಟು. ಈ ಪರೀಕ್ಷೆಯಲ್ಲಿ ಬಾಟಲಿಯಿಂದ ಎಕ್ಸ್-ರೇ ಹೊಮ್ಮಬಹುದಾದ್ದರಿಂದ ತಯಾರಕರು ಹೇಳಿದಷ್ಟು ದೂರ ನಿಲ್ಲಿ, ಮುಗಿದ ಮೇಲೆ ಡಿಸ್ಚಾರ್ಜ್ ರಾಡಿನಿಂದ ಚಾರ್ಜನ್ನು ಇಳಿಸಿ. ಕಾಂಟ್ಯಾಕ್ಟ್ ರೋಧವನ್ನು 100 ಆಂಪಿಯರ್ ಡಿಸಿ ಹರಿಸಿ ಮೈಕ್ರೋ-ಓಮ್‌ಗಳಲ್ಲಿ ಅಳೆಯಬೇಕು. ಮಲ್ಟಿಮೀಟರ್ ಇದಕ್ಕೆ ಪ್ರಯೋಜನವಿಲ್ಲ. ಮೂರು ಫೇಸುಗಳಲ್ಲಿ ಒಂದು ಮಾತ್ರ ಎದ್ದು ಕಂಡರೆ ಅದರ ಕಾರಣ ಹುಡುಕದೆ ಮುಂದೆ ಹೋಗಬೇಡಿ.

ಟ್ರಿಪ್ ಕಾಯಿಲ್ ತನ್ನ ನಿಗದಿತ ವೋಲ್ಟೇಜಿನ 70 ಪ್ರತಿಶತದಲ್ಲಿಯೂ ಕೆಲಸ ಮಾಡಬೇಕು. 30 ವೋಲ್ಟಿನದಾದರೆ 21 ವೋಲ್ಟಿಗೆ. ಇಷ್ಟೆಲ್ಲ ಸರಿಯಿದ್ದರೂ ಈ ಕಾಯಿಲಿಗೆ ವಿದ್ಯುತ್ ಕೊಡುವ ಬ್ಯಾಟರಿ ಸತ್ತಿದ್ದರೆ ದೋಷ ಬಂದ ಹೊತ್ತಿನಲ್ಲಿ ಬ್ರೇಕರ್ ತೆರೆಯುವುದಿಲ್ಲ, ಆದ್ದರಿಂದ ಚಾರ್ಜರ್ ಆಫ್ ಮಾಡಿ ಬರೀ ಬ್ಯಾಟರಿಯ ಮೇಲೆ ಒಮ್ಮೆ ಟ್ರಿಪ್ ಮಾಡಿ ನೋಡಿ.

ಕೊನೆಗೆ ಸ್ಪಾನರುಗಳನ್ನು ಎಣಿಸಿ, ಹಾಕಿದ ಅರ್ಥಿಂಗ್ ಅಷ್ಟೂ ತೆಗೆದಿರುವುದನ್ನು ಪಟ್ಟಿಯೊಡನೆ ತಾಳೆ ನೋಡಿ, ಟೆಸ್ಟ್ ಸ್ಥಾನದಲ್ಲಿ ರಿಲೇಯಿಂದ ಒಮ್ಮೆ ಟ್ರಿಪ್ ಮಾಡಿಸಿರಿ. ನಂತರ ಬ್ರೇಕರ್ ಆಫ್ ಸ್ಥಿತಿಯಲ್ಲಿರುವಾಗ, ಬಾಗಿಲು ಮುಚ್ಚಿಯೇ ಟ್ರಾಲಿಯನ್ನು ಸರ್ವಿಸ್ ಸ್ಥಾನಕ್ಕೆ ತಳ್ಳಿ, ಲೈನ್ ಕ್ಲಿಯರ್ ಹಿಂದಿರುಗಿಸಿ, ಎಲ್ಲರೂ ಪ್ಯಾನೆಲ್ಲಿನಿಂದ ದೂರ ಸರಿದ ಮೇಲೆ ರಿಮೋಟಿನಿಂದ ಚಾಲೂ ಮಾಡಿ.