ಅಸ್ಪಷ್ಟ ಫಲಕವಿದ್ದ ಕಡೆ ಬಿದ್ದ ಪಾರ್ಕಿಂಗ್ ದಂಡವನ್ನು ಪ್ರಶ್ನಿಸುವುದು ಹೇಗೆ?

ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳಲ್ಲಿ ವಾರಾಂತ್ಯದ ಪ್ರವಾಸಿಗರ ಕಾರುಗಳೂ ಊರಿನವರ ಬೈಕುಗಳೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುವಾಗ ಯಾರಿಗಾದರೂ ದಂಡ ಬೀಳುವುದು ಅಪರೂಪವಲ್ಲ. ಆದರೆ ಸಮ–ಬೆಸ ದಿನಾಂಕದ ನಿಲುಗಡೆಯನ್ನೋ, ಆಟೋ–ಟ್ಯಾಕ್ಸಿಗಳಿಗೆ ಮೀಸಲಾದ ಜಾಗವನ್ನೋ ತಿಳಿಸಬೇಕಾದ ಫಲಕವು ಅಕ್ಷರ ಮಾಸಿ, ಮರದ ಕೊಂಬೆಯ ಹಿಂದೆ ಅಡಗಿ ಅಥವಾ ಹುಟ್ಟುಹಬ್ಬದ ಫ್ಲೆಕ್ಸಿನಡಿ ಮುಚ್ಚಿಹೋಗಿದ್ದರೆ, ಆ ದಂಡವನ್ನು ಪ್ರಶ್ನಿಸಲು ಕಾನೂನಿನಲ್ಲೇ ಆಧಾರವಿದೆ.

ಮೋಟಾರು ವಾಹನ ಕಾಯ್ದೆ 1988ರ ಕಲಂ 117 ವಾಹನ ನಿಲುಗಡೆಯ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸುವ ಅಧಿಕಾರವನ್ನು ನೀಡುತ್ತದೆ. ಕಲಂ 116 ಅಂಥ ನಿಯಂತ್ರಣಗಳನ್ನು ಸಾರ್ವಜನಿಕರಿಗೆ ತಿಳಿಸುವ ಫಲಕಗಳ ಕುರಿತದ್ದಾಗಿದ್ದು, ಕಾಯ್ದೆಯ ಅನುಸೂಚಿಯಲ್ಲಿರುವ ಸಂಕೇತಗಳು ಅಲ್ಲಿ ಹೇಳಿದ ಗಾತ್ರ, ಬಣ್ಣ ಮತ್ತು ಮಾದರಿಯಲ್ಲೇ ಇರಬೇಕೆಂದು ವಿಧಿಸುತ್ತದೆ; ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರವೂ ಅದೇ ಕಲಂನಲ್ಲಿದೆ. ಅಂಗಡಿಯವರು ತಮ್ಮ ಷಟರಿನ ಮೇಲೆ ಬರೆಸಿಕೊಂಡ ‘ನೋ ಪಾರ್ಕಿಂಗ್’ ಈ ಕಲಂನಡಿ ಬರುವ ಫಲಕವೇ ಅಲ್ಲ.

ಮೊದಲು ನೋಡಬೇಕಾದುದು ಚಲನ್‌ನಲ್ಲಿ ನಮೂದಿಸಿರುವ ಕಲಂ ಯಾವುದೆಂದು. ಸಂಕೇತ ಪಾಲಿಸದ ಆರೋಪವಾದರೆ, ಅಂದರೆ ಕಲಂ 119 ಮತ್ತು 177 ಇದ್ದರೆ, ಫಲಕದ ಸ್ಥಿತಿಯೇ ವಾದದ ತಿರುಳಾಗುತ್ತದೆ. ಅದರ ಬದಲು ಕಲಂ 122ರ ಪ್ರಕಾರ ಅಪಾಯಕರವಾಗಿ ಅಥವಾ ಅಡ್ಡಿಯಾಗುವಂತೆ ನಿಲ್ಲಿಸಿದ ಆರೋಪವಿದ್ದರೆ ಫಲಕದ ಮಾತು ಹೆಚ್ಚು ನೆರವಿಗೆ ಬಾರದು. ಪಾದಚಾರಿ ಮಾರ್ಗ, ಜೀಬ್ರಾ ಪಟ್ಟೆ, ಬಸ್ ನಿಲ್ದಾಣದ ಬಳಿ ನಿಲ್ಲಿಸಬಾರದೆಂಬುದಕ್ಕೆ ಫಲಕವೇ ಬೇಕಿಲ್ಲವಾದ್ದರಿಂದ, ಅಂಥ ಕಡೆ ಬಿದ್ದ ದಂಡವನ್ನು ಸುಮ್ಮನೆ ಕಟ್ಟುವುದೇ ಮೇಲು. ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ವಾಹನಗಳ ಮುಂಗಡ ನೋಂದಣಿಯೂ ಬೇರೆಯದೇ ವ್ಯವಸ್ಥೆ. ಮೊದಲೇ ಪ್ರಚಾರವಾಗಿರುವ ಆ ನಿರ್ಬಂಧದೆದುರು ಬೋರ್ಡು ಕಾಣಲಿಲ್ಲವೆಂಬ ವಾದ ನಿಲ್ಲುವುದು ಕಷ್ಟ.

ಪ್ರಶ್ನಿಸುವ ಮನಸ್ಸಿದ್ದರೆ ದಂಡ ಕಟ್ಟಬೇಡಿ. ಕಲಂ 200ರ ಪ್ರಕಾರ ಹಣ ಕಟ್ಟಿ ರಾಜಿಯಾದ ಪ್ರಕರಣ ಅಲ್ಲಿಗೇ ಮುಗಿಯುತ್ತದೆ.

ಇಡೀ ಪ್ರಕರಣ ನಿಲ್ಲುವುದು ಫೋಟೋಗಳ ಮೇಲೆ. ಇವನ್ನು ಸಾಧ್ಯವಾದರೆ ಅದೇ ದಿನ, ಅದೇ ಹೊತ್ತಿನಲ್ಲಿ ತೆಗೆಯಬೇಕು, ಏಕೆಂದರೆ ದೂರು ಹೋದ ಮರುದಿನವೇ ಹೊಸ ಬಣ್ಣ ಬಳಿದು ನಿಲ್ಲಿಸಿದ ಫಲಕವು ನಿಮ್ಮ ಮಾತನ್ನು ಸುಳ್ಳಾಗಿಸಬಲ್ಲದು. ಫಲಕದ ಹತ್ತಿರದ ಚಿತ್ರವೊಂದೇ ಸಾಲದು. ವಾಹನ ಬಂದ ದಿಕ್ಕಿನಿಂದ, ಚಾಲಕನ ಕಣ್ಣಿನ ಎತ್ತರದಿಂದ ತೆಗೆದ ಚಿತ್ರ, ವಾಹನವನ್ನೂ ಅದಕ್ಕೆ ತೀರಾ ಸಮೀಪದ ಫಲಕವನ್ನೂ ಒಟ್ಟಿಗೆ ತೋರಿಸುವ ಚಿತ್ರ, ಸಮಯ ಮತ್ತು ಬಾಣದ ಗುರುತನ್ನು ಹೇಳುವ ಕೆಳಗಿನ ಪೂರಕ ಪಟ್ಟಿಯ ಚಿತ್ರ ಇವೆಲ್ಲ ಬೇಕು. ಬಾಣ ಯಾವ ಕಡೆಗಿದೆ, ಮೀಸಲು ಜಾಗ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯದಿದ್ದರೆ ಅದನ್ನೇ ಒತ್ತಿ ಹೇಳಿ. ರಾತ್ರಿಯಾಗಿದ್ದರೆ ಬೀದಿದೀಪವಿತ್ತೇ ಎಂಬುದೂ ಕಾಣಲಿ. ಮೂಲ ಫೈಲುಗಳನ್ನು ಮೊಬೈಲಿನಲ್ಲೇ ಉಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸಮಯದ ವಿವರ ಉಳಿಯುವುದಿಲ್ಲ.

ಜೊತೆಯಲ್ಲೇ ಆ ರಸ್ತೆಗೆ ನಿಲುಗಡೆ ನಿರ್ಬಂಧ ವಿಧಿಸಿದ ಅಧಿಸೂಚನೆಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆ 2005ರಡಿ ಜಿಲ್ಲಾಧಿಕಾರಿ ಕಚೇರಿಯಿಂದ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಅಧಿಸೂಚನೆಯಲ್ಲಿ ಹೇಳಿದ ಗಡಿಗೂ ಫಲಕ ನಿಂತಿರುವ ಜಾಗಕ್ಕೂ ತಾಳೆಯಾಗದಿದ್ದರೆ, ಫೋಟೋಗಿಂತ ಗಟ್ಟಿಯಾದ ಆಧಾರ ನಿಮ್ಮ ಕೈಗೆ ಸಿಕ್ಕಂತೆ.

ಆ ಉತ್ತರಕ್ಕಾಗಿ ಕಾಯದೆ, ಚಲನ್‌ನ ಗಡುವಿನೊಳಗೇ ಸಂಚಾರ ಠಾಣೆಗೆ ಮನವಿ ಕೊಟ್ಟು, ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ ಸ್ವೀಕೃತಿ ಪಡೆದುಕೊಳ್ಳಿ. ಇ–ಚಲನ್ ಆಗಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದ ದೂರು ವಿಭಾಗದಲ್ಲೂ ಸಲ್ಲಿಸಬಹುದು. ಸಿಟ್ಟಿನ ಮಾತು, ಪೊಲೀಸರ ಮೇಲಿನ ಆಪಾದನೆ ಬೇಡ. ‘ಸದರಿ ಸ್ಥಳಕ್ಕೆ ನಾನು ಬಂದ ದಿಕ್ಕಿನಿಂದ ನಿರ್ಬಂಧವನ್ನು ತಿಳಿಸುವ ಯಾವುದೇ ಫಲಕ ಕಾಣುವಂತಿರಲಿಲ್ಲ, ಇರುವ ಏಕೈಕ ಫಲಕ ಮರೆಯಾಗಿರುವುದನ್ನು ಲಗತ್ತಿಸಿದ ಚಿತ್ರಗಳಲ್ಲಿ ಗಮನಿಸಬಹುದು, ಆದ್ದರಿಂದ ಚಲನ್ ರದ್ದುಪಡಿಸಬೇಕೆಂದು ಕೋರುತ್ತೇನೆ’ ಎಂಬಷ್ಟು ಸಾಕು.

ಮನವಿ ತಿರಸ್ಕೃತವಾದರೆ ಉಳಿಯುವುದು ನ್ಯಾಯಾಲಯ. ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನ್ ನ್ಯಾಯಾಲಯಕ್ಕೆ ಹೋಗಿದ್ದರೆ ಅಲ್ಲಿ ದಂಡ ಕಟ್ಟುವ ಬದಲು ಪ್ರಕರಣವನ್ನು ಎದುರಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ವಿಚಾರಣೆ ವ್ಯಾಪ್ತಿಯುಳ್ಳ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಫೋಟೋಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರಡಿ ವಿದ್ಯುನ್ಮಾನ ದಾಖಲೆಗಳನ್ನು ದೃಢೀಕರಿಸುವ ಪ್ರಮಾಣಪತ್ರ ಬೇಕಾಗುತ್ತದೆ. ಕಲಂ 177ರಡಿ ಮೊದಲ ತಪ್ಪಿಗೆ ಗರಿಷ್ಠ ದಂಡ 500 ರೂಪಾಯಿ ಇರುವಾಗ, ಮೂಡಿಗೆರೆಯಿಂದಲೋ ಕಡೂರಿನಿಂದಲೋ ದಿನದ ದುಡಿಮೆ ಬಿಟ್ಟು ಬರುವವರು ಈ ಹಂತಕ್ಕೆ ಹೋಗುವ ಮೊದಲು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಠಾಣೆಯ ಹಂತದ ಮನವಿಗಾದರೆ ಕಾಗದದ ಖರ್ಚಷ್ಟೇ.

ದಂಡದ ಪ್ರಶ್ನೆ ಏನೇ ಆಗಲಿ, ಅದೇ ಚಿತ್ರಗಳೊಂದಿಗೆ ಫಲಕವನ್ನು ಸರಿಪಡಿಸುವಂತೆ ನಗರಸಭೆಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಪ್ರತ್ಯೇಕ ಪತ್ರ ಬರೆಯಿರಿ, ಮತ್ತು ಅದರ ಸ್ವೀಕೃತಿಯನ್ನೂ ಕಡತದಲ್ಲಿ ಸೇರಿಸಿಡಿ.