ಹಳೇ ಲಾರಿಗೆ ಗೇರ್‌ಬಾಕ್ಸ್: ಮೊದಲು ಅಳತೆ, ಆಮೇಲೆ ದುಡ್ಡು

ಕಬ್ಬಿನ ಹಂಗಾಮು ಬರುವ ಮುಂಚೆ ಲಾರಿ ರಿಪೇರಿ ಮುಗಿಸಿಕೊಳ್ಳುವುದು ಬೆಳಗಾವಿ, ಬಾಗಲಕೋಟೆ ಕಡೆಯ ರೂಢಿ. ಹಳೇ ಟಾಟಾ 1210, ಹಳೇ ಲೇಲ್ಯಾಂಡ್ ಇಟ್ಟುಕೊಂಡವರಲ್ಲಿ ಎರಡು ತರದವರಿದ್ದಾರೆ. ಕೆಲವರಿಗೆ ಅದು ಇವತ್ತಿಗೂ ದುಡಿಯುವ ಗಾಡಿ. ಇನ್ನು ಕೆಲವರು ಅಪ್ಪನ ಕಾಲದ್ದೆಂದು ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ. ಜಮ್ಶೆಡ್‌ಪುರದಲ್ಲಿ 1954ರಲ್ಲಿ ಶುರುವಾದ ಟಾಟಾ-ಮರ್ಸಿಡಿಸ್ ಲಾರಿಗಳ ಪೀಳಿಗೆ ಗಟ್ಟಿ ಪೀಳಿಗೆ. ಎಂಜಿನ್ ಇನ್ನೂ ಚೆನ್ನಾಗಿರುತ್ತದೆ, ಗೇರ್‌ಬಾಕ್ಸ್ ಮಾತ್ರ ಕೈ ಕೊಟ್ಟಿರುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: "ಐದು ಗೇರಿಂದು ಹಾಕಲಾ, ಆರು ಗೇರಿಂದಾ?"

ಅದಕ್ಕೂ ಮುಂಚೆ ನೋಡಬೇಕಾದದ್ದು ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್. ಗೇರ್‌ಬಾಕ್ಸ್ ಒಂದೇ ಏನೂ ಮಾಡಲಾರದು. ಎಂಜಿನ್ ಕೊಟ್ಟ ಸುತ್ತನ್ನು ಅದು ಇಳಿಸುತ್ತದೆ, ಅದನ್ನು ಹೌಸಿಂಗ್ ಒಳಗಿನ ಕ್ರೌನ್ (ದೊಡ್ಡ ಹಲ್ಲುಚಕ್ರ), ಪಿನಿಯನ್ (ಸಣ್ಣ ಹಲ್ಲುಚಕ್ರ) ಮತ್ತೊಮ್ಮೆ ಇಳಿಸುತ್ತವೆ. ಎರಡನ್ನೂ ಸೇರಿಸಿ ಲೆಕ್ಕ ಹಾಕದಿದ್ದರೆ ಒಳ್ಳೇ ಬಾಕ್ಸ್ ತಂದರೂ ಗಾಡಿ ಎಳೆಯುವುದಿಲ್ಲ, ಇಲ್ಲವೇ ಓಡುವುದಿಲ್ಲ.

ಲೆಕ್ಕ ಸುಲಭ. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿ. 41 ಮತ್ತು 6 ಹಲ್ಲಿದ್ದರೆ 6.83. ಆಮೇಲೆ ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಅಳೆಯಿರಿ. ಅದು 3.1 ಮೀಟರ್ ಬಂತು ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ, ಟಾಪ್ ಗೇರ್ ಒಂದಕ್ಕೊಂದು ಇದ್ದರೆ (ಎಂಜಿನ್ ಒಂದು ಸುತ್ತಿಗೆ ಬಾಕ್ಸಿನ ಹಿಂಭಾಗವೂ ಒಂದು ಸುತ್ತು), ಗಾಡಿಯ ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್. ಓವರ್‌ಡ್ರೈವ್ ಇರುವ, ಅಂದರೆ ಟಾಪ್‌ನಲ್ಲಿ 0.8 ಇರುವ ಬಾಕ್ಸ್ ಹಾಕಿದರೆ ಅದೇ ಸುತ್ತಿಗೆ 82. ಕೇಳೋದಕ್ಕೆ ಚಂದ. ಆದರೆ ಟಾಪ್‌ನಲ್ಲಿ ಎಳೆಯುವ ಬಲ ಐದರಲ್ಲಿ ಒಂದು ಪಾಲು ಹೋಗುತ್ತದೆ. ಲೋಡ್ ಹಾಕಿಕೊಂಡು ವಂಟಮುರಿ ಘಾಟ್ ಹತ್ತುವಾಗ ಆ ಗೇರ್ ಉಪಯೋಗಕ್ಕೆ ಬರುವುದಿಲ್ಲ. ಹಳೇ ಬ್ರೇಕಿನ ಗಾಡಿಗೆ 82ರ ವೇಗ ಬೇಕೇ ಎಂದೂ ಯೋಚಿಸಿ.

ನನ್ನ ಪ್ರಕಾರ ಜಾಸ್ತಿ ನೋಡಬೇಕಾದದ್ದು ಫಸ್ಟ್ ಗೇರ್. ಅಥಣಿ, ಜಮಖಂಡಿ ಕಡೆ ಎರಿ ಹೊಲದೊಳಗಿಂದ ಕಬ್ಬು ತರಬೇಕು ಅಥವಾ ಇಳಕಲ್ ಕಡೆ ಕ್ವಾರಿಯಿಂದ ಗ್ರಾನೈಟ್ ಎತ್ತಬೇಕು ಎಂದರೆ ಗಾಡಿ ತೆವಳಬೇಕು. ಫಸ್ಟ್ ಗೇರ್ 7.5 ಇದ್ದರೆ, ಅಂದರೆ ಎಂಜಿನ್ ಏಳೂವರೆ ಸುತ್ತಿಗೆ ಬಾಕ್ಸಿನ ಹಿಂಭಾಗ ಒಂದು ಸುತ್ತು ಬಂದರೆ, ಎಂಜಿನ್ 1,000 ಸುತ್ತಿನಲ್ಲಿರುವಾಗ ವೇಗ 3.6 ಕಿಲೋಮೀಟರ್, ನಿಧಾನಕ್ಕೆ ನಡೆದುಹೋಗುವಷ್ಟು. ಫಸ್ಟ್ ಗೇರ್ 5 ಇದ್ದರೆ ವೇಗ 5.4ಕ್ಕೆ ಹೋಗುತ್ತದೆ. ಆಗ ಡ್ರೈವರ್ ಅರ್ಧ ಕ್ಲಚ್ ಒತ್ತಿಕೊಂಡೇ ಗಾಡಿ ನಡೆಸುತ್ತಾನೆ, ಒಂದು ಹಂಗಾಮು ಮುಗಿಯುವುದರೊಳಗೆ ಕ್ಲಚ್ ಪ್ಲೇಟ್ ಸುಟ್ಟು ಹೋಗುತ್ತದೆ.

ಗುಜರಿಯಲ್ಲಿ ಬಿದ್ದ ಬಾಕ್ಸಿಗೆ ಚೀಟಿ ಅಂಟಿಸಿರುವುದಿಲ್ಲ, ಅಲ್ವಾ? ಗೇರ್ ಹಾಕಿ, ಹಿಂದಿನ ಫ್ಲಾಂಜ್ (ಹೌಸಿಂಗ್ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂರುವ ತಟ್ಟೆ) ಒಂದು ಪೂರ್ತಿ ಸುತ್ತು ಬರುವ ತನಕ ಮುಂದಿನ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂದು ಕೈಯಿಂದಲೇ ಎಣಿಸಿ. ಏಳೂವರೆ ಸುತ್ತು ಬಂದರೆ 7.5. ಒಂದೊಂದೇ ಗೇರ್ ಹಾಕಿ ಎಲ್ಲವನ್ನೂ ಬರೆದುಕೊಳ್ಳಿ.

ಕಾನ್‌ಸ್ಟಂಟ್ ಮೆಶ್ ಬೇಕೋ, ಸಿಂಕ್ರೋ ಬೇಕೋ ಎಂಬುದು ಡ್ರೈವರ್ ಮೇಲೆ ಹೋಗುತ್ತದೆ. ಸಿಂಕ್ರೋದಲ್ಲಿ ಗೇರ್ ಬದಲಿಸುವಾಗ ಸುತ್ತನ್ನು ಹೊಂದಿಸಲು ರಿಂಗ್ ಇರುತ್ತದೆ, ಕಾನ್‌ಸ್ಟಂಟ್ ಮೆಶ್‌ನಲ್ಲಿ ಆ ಕೆಲಸ ಡ್ರೈವರದ್ದೇ. ಕಾನ್‌ಸ್ಟಂಟ್ ಮೆಶ್‌ಗೆ ಗೇರ್ ಇಳಿಸುವಾಗ ಎರಡು ಸಲ ಕ್ಲಚ್ ಒತ್ತಿ, ನಡುವೆ ರೇಸ್ ಕೊಡಬೇಕು. ಕಲಿತ ಕೈಯಲ್ಲಿ ಅದು ಬಹಳ ವರ್ಷ ಬಾಳುತ್ತದೆ. ಹೊಸ ಹುಡುಗರು ಓಡಿಸುವುದಾದರೆ ಸಿಂಕ್ರೋ ಇರುವುದೇ ಸರಿ. ಟಾಟಾ 1613ರಲ್ಲಿ ಬರುತ್ತಿದ್ದ ಐದು ಗೇರಿನ ಜಿಬಿಎಸ್-40 ಆ ತರದ್ದು.

ಇನ್ನು ಬಾಕ್ಸ್ ಒಳಗೇನಿದೆ ನೋಡೋಣ. ಮೊದಲು ಆಯಿಲ್ ಪ್ಲಗ್ ಬಿಚ್ಚಿ, ಒಂದಿಷ್ಟು ಆಯಿಲ್ ಅಂಗೈಗೆ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಬಂಗಾರದ ಬಣ್ಣದ ಪುಡಿ ಮಿನುಗಿದರೆ ಸಿಂಕ್ರೋ ರಿಂಗ್ ಸವೆದಿದೆ. ಅದನ್ನು ಬದಲಾಯಿಸಬಹುದು. ಉಗುರಿಗೆ ಸಿಗುವ ಉಕ್ಕಿನ ಚೂರು ಬಂದರೆ ಹಲ್ಲೋ ಬೇರಿಂಗೋ ಒಡೆದಿದೆ, ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ. ಮೇಲಿನ ಕವರ್ ಬಿಚ್ಚಿಸಿ, ಗೇರಿನ ಪಕ್ಕದ ಸಣ್ಣ ಹಲ್ಲುಗಳ ಮೂತಿ ನೋಡಿ. ಅದು ದುಂಡಗಾಗಿದ್ದರೆ ಇಳಿಜಾರಿನಲ್ಲಿ ಗೇರ್ ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬೀಳುತ್ತದೆ. ಲೋಡ್ ಗಾಡಿಯಲ್ಲಿ ಇದು ಜೀವಕ್ಕೇ ಅಪಾಯ. ಕವರ್ ಬಿಚ್ಚಲು ಬಿಡದ ವ್ಯಾಪಾರಿಯ ಹತ್ತಿರ ಕೊಳ್ಳಲೇಬೇಡಿ.

ಮುಂದಿನದು ಅಳತೆ. ಟೇಪ್, ವರ್ನಿಯರ್ ಎರಡೂ ಜೊತೆಗಿರಲಿ. ಇನ್‌ಪುಟ್ ಶಾಫ್ಟಿನ, ಅಂದರೆ ಬಾಕ್ಸಿನ ಮುಂದಿನ ಶಾಫ್ಟಿನ, ಸ್ಪ್ಲೈನ್ (ಕ್ಲಚ್ ಪ್ಲೇಟ್ ಕೂರುವ ಉದ್ದಗೆರೆಯ ಹಲ್ಲು) ಎಷ್ಟು, ದಪ್ಪ ಎಷ್ಟು, ಬೆಲ್ ಹೌಸಿಂಗ್‌ನಿಂದ (ಎಂಜಿನ್‌ಗೂ ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಎಷ್ಟು ಮುಂದಕ್ಕೆ ಚಾಚಿದೆ, ತುದಿಯ ಮೂತಿ ಫ್ಲೈವ್ಹೀಲಿನ ನಡುವಿನ ಪೈಲಟ್ ಬೇರಿಂಗಿಗೆ ಸೇರುತ್ತದೆಯೇ ಎಂದು ನೋಡಿ. ಸ್ಪ್ಲೈನ್ ಬೇರೆಯಾದರೆ ಅದಕ್ಕೆ ಹೊಂದುವ ಕ್ಲಚ್ ಪ್ಲೇಟ್ ಹುಡುಕಬಹುದು. ಮೂತಿ ಸಣ್ಣದಾದರೆ ಬುಷ್ ಮಾಡಿಸಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೇ ಲೇತ್‌ಗಳಿಗೆ ಕೊರತೆ ಇಲ್ಲ. ಆದರೆ ಬಾಕ್ಸ್ ಮುಂಭಾಗದ ಉಂಗುರ ಬೆಲ್ ಹೌಸಿಂಗ್ ತೂತಿನಲ್ಲಿ ಬಿಗಿಯಾಗಿ ಕೂರದಿದ್ದರೆ ಬೋಲ್ಟ್ ತೂತು ಹೊಂದಿದರೂ ಪ್ರಯೋಜನವಿಲ್ಲ. ಗೇರ್‌ಬಾಕ್ಸನ್ನು ನಡುವಿಗೆ ನಿಲ್ಲಿಸುವುದು ಆ ಉಂಗುರವೇ, ಬೋಲ್ಟ್ ಅಲ್ಲ.

ಇಳಿಸುವಾಗ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ, ಬ್ಯಾಟರಿ ವೈರ್ ಬಿಚ್ಚಿ. ಪ್ರೊಪೆಲ್ಲರ್ ಫ್ಲಾಂಜ್‌ಗಳ ಮೇಲೆ ಪಂಚ್‌ನಿಂದ ಗುರುತು ಹಾಕಿ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಹಿಂಭಾಗದ ಭಾರ ಬೆಲ್ ಹೌಸಿಂಗ್ ಅಥವಾ ಗೇರ್‌ಬಾಕ್ಸಿನ ಮೌಂಟಿಂಗ್ ಮೇಲೇ ಇರುತ್ತದೆ. ಹಾಗಾಗಿ ಎಂಜಿನ್ ಕೆಳಗೆ ಆಧಾರ ಕೊಡದೆ ಒಂದು ಬೋಲ್ಟೂ ಬಿಚ್ಚಬೇಡಿ. ಬಾಕ್ಸಿನ ತೂಕ ಒಂದು ಕ್ವಿಂಟಾಲ್ ಆಸುಪಾಸು ಇರುತ್ತದೆ. ಬರೀ ಜಾಕ್ ನಂಬಿ ಯಾರೂ ಅದರ ಕೆಳಗೆ ಮಲಗಬಾರದು. ಚೈನ್ ಪುಲ್ಲಿ ಇರಲಿ, ಮರದ ದಿಮ್ಮಿಯೂ ಇರಲಿ.

ಬಾಕ್ಸ್ ಇಳಿದ ಮೇಲೆ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎರಡನ್ನೂ ಹೊಸದಾಗಿಯೇ ಹಾಕಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಅದಕ್ಕೂ ಇದೇ ಸಮಯ. ಕ್ಲಚ್ ಪ್ಲೇಟಿನ ಯಾವ ಮುಖ ಫ್ಲೈವ್ಹೀಲ್ ಕಡೆ ಎಂದು ಪ್ಲೇಟ್ ಮೇಲೆಯೇ ಬರೆದಿರುತ್ತದೆ, ಓದಿ ಹಾಕಿ. ಹಳೇ ಇನ್‌ಪುಟ್ ಶಾಫ್ಟ್ ತೂರಿಸಿ ಪ್ಲೇಟನ್ನು ನಡುವಿಗೆ ತಂದು, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕೂರಿಸುವಾಗ ಅವಸರ ಬೇಡವೇ ಬೇಡ. ಬೆಲ್ ಹೌಸಿಂಗ್‌ಗೆ ಎರಡು ಉದ್ದನೆಯ ಸ್ಟಡ್ ಹಾಕಿ, ಬಾಕ್ಸ್ ಅದರ ಮೇಲೆ ಜಾರಿಕೊಂಡು ಬರಲಿ. ಸ್ಪ್ಲೈನಿಗೆ ತೆಳ್ಳಗೆ ಗ್ರೀಸ್ ಸವರಿದರೆ ಸಾಕು, ಜಾಸ್ತಿಯಾದರೆ ಪ್ಲೇಟಿಗೆ ಸಿಡಿಯುತ್ತದೆ. ಬಾಕ್ಸನ್ನು ಗೇರಿಗೆ ಹಾಕಿಟ್ಟು ಹಿಂದಿನ ಫ್ಲಾಂಜ್ ಮೆಲ್ಲಗೆ ತಿರುಗಿಸುತ್ತಾ ಒತ್ತಿದರೆ ಹಲ್ಲಿಗೆ ಹಲ್ಲು ಸೇರುತ್ತದೆ. ಬಾಕ್ಸಿನ ಭಾರವನ್ನು ಶಾಫ್ಟ್ ಮೇಲೆ ಜೋತುಬಿಟ್ಟು ಚಹಾಕ್ಕೆ ಹೋಗಬೇಡಿ, ಪ್ಲೇಟಿನ ನಡುಭಾಗ ಬಾಗುತ್ತದೆ. ಎರಡೂ ಮುಖಗಳು ಕೈ ಒತ್ತಡಕ್ಕೇ ಕೂಡಬೇಕು. ಸಂದು ಉಳಿದರೆ ಪ್ಲೇಟ್ ನಡುವಿಗಿಲ್ಲ ಅಥವಾ ಶಾಫ್ಟ್ ತುದಿ ಒಳಗೆ ತಾಗುತ್ತಿದೆ ಎಂದರ್ಥ. ಆಗ ಬೋಲ್ಟ್ ಬಿಗಿದು ಎಳೆಯುವುದು ದೊಡ್ಡ ತಪ್ಪು, ಬಾಕ್ಸಿನ ಕಿವಿ ಒಡೆಯುತ್ತದೆ. ಹೊರಗೆ ತೆಗೆದು ಮತ್ತೆ ನೋಡಿ.

ಹೊಸ ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟೂ ಬದಲಾಗಬೇಕು. ಗಾಡಿ ತನ್ನ ಚಕ್ರದ ಮೇಲೇ ನಿಂತಿರುವಾಗ ಅಳೆಯಿರಿ, ಜಾಕ್ ಮೇಲಿದ್ದಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ-ಗಿಡ್ಡ ಆಗುವ ಜಾರು ಕೀಲು) ಎರಡೂ ಕಡೆ ಜಾರಲು ಜಾಗ ಇರಲಿ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು (ಕವಲಿನಂಥ ತುದಿಗಳು) ಒಂದೇ ಸಾಲಿನಲ್ಲಿರಬೇಕು. ಕತ್ತರಿಸಿ ಬೆಸೆದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸದೆ ಹಾಕಿದರೆ ನಡುಕ ಶುರುವಾಗಿ ಬಾಕ್ಸಿನ ಹಿಂದಿನ ಬೇರಿಂಗ್ ಹೋಗುತ್ತದೆ. ಬಾಕ್ಸ್ ಹೊರುವ ಅಡ್ಡಪಟ್ಟಿ ಜರುಗಿಸಬೇಕಾದರೆ ಚಾಸಿಯ ನಿಂತ ಬದಿಯಲ್ಲಿ ತೂತು ಕೊರೆದು ಬೋಲ್ಟ್ ಹಾಕಿ. ಮೇಲಿನ-ಕೆಳಗಿನ ಮಡಿಕೆಗೆ ತೂತು, ವೆಲ್ಡಿಂಗ್ ಯಾವುದೂ ಬೇಡ. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದೇ ಮಾದರಿಯದಲ್ಲದ ಬಾಕ್ಸ್ ಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಆಯಿಲ್ ವಿಷಯದಲ್ಲಿ ಸಿಕ್ಕಿದ್ದನ್ನು ಸುಮ್ನೆ ಸುರಿಯಬೇಡಿ. ಹಿತ್ತಾಳೆ ಸಿಂಕ್ರೋ ರಿಂಗ್ ಇರುವ ಬಾಕ್ಸಿಗೆ 80ಡಬ್ಲ್ಯು-90, ಜಿಎಲ್-4 ದರ್ಜೆಯದು ಒಳ್ಳೆಯದು. ಹಿಂದಿನ ಹೌಸಿಂಗ್‌ಗೆ ಹಾಕುವ ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ, ಅದು ಹಿತ್ತಾಳೆಯನ್ನು ತಿನ್ನಬಹುದು. ಲೆವೆಲ್ ಪ್ಲಗ್‌ನಿಂದ ತೊಟ್ಟಿಕ್ಕುವ ತನಕ ತುಂಬಿ.

ಎಂಜಿನ್ ಆಫ್ ಇದ್ದಾಗಲೇ ಎಲ್ಲ ಗೇರೂ ಬೀಳುತ್ತವೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲ್ ಆಟ (ಒತ್ತುವಾಗ ಮೊದಲಿಗೆ ಸಿಗುವ ಸಡಿಲ) ಸರಿಮಾಡಬೇಕು. ಮೊದಲ ಕೆಲವು ದಿನ ಖಾಲಿ ಗಾಡಿ ಓಡಿಸಿ. ಸುಮಾರು 500 ಕಿಲೋಮೀಟರ್ ಆದ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದು, ಆಯಿಲ್ ಇಳಿಸಿ ಜರಡಿ ಬಟ್ಟೆಯಲ್ಲಿ ಸೋಸಿ. ಮೆತ್ತನೆಯ ಬೂದು ಪುಡಿ ಬಂದರೆ ಚಿಂತೆಯಿಲ್ಲ, ಹೊಸ ಆಯಿಲ್ ತುಂಬಿ ಲೋಡಿಗೆ ಹಚ್ಚಬಹುದು. ಚೂರು ಸಿಕ್ಕರೆ ಹಂಗಾಮು ಶುರುವಾಗುವ ಮುಂಚೆಯೇ ಬಾಕ್ಸ್ ಬಿಚ್ಚಿಸಿ.