ಹಿತ್ತಲಿನ ಬೆಣ್ಣೆಹಣ್ಣಿನ ಮರ ಕಾಯಿ ಕಚ್ಚಬೇಕಾದರೆ

ತಿಂದುಳಿದ ಬೀಜವನ್ನು ಹಿತ್ತಲಲ್ಲಿ ಊರಿ, ಅದು ಮೊಳೆತು, ಮಾಡಿನೆತ್ತರಕ್ಕೆ ಬೆಳೆದು ನಿಂತು, ವರ್ಷ ವರ್ಷವೂ ಮೈತುಂಬ ಹೂ ಬಿಟ್ಟು ಒಂದೇ ಒಂದು ಕಾಯಿಯನ್ನೂ ಕೊಡದ ಬೆಣ್ಣೆಹಣ್ಣಿನ ಮರಗಳು ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಊರುಗಳಲ್ಲಿ ಬೇಕಾದಷ್ಟಿವೆ. ನಮ್ಮ ಮನೆಯ ಹಿಂದೆಯೂ ಅಂಥ ಮರವೊಂದಿತ್ತು. ಗೊಬ್ಬರ ಸಾಲದೆಂದು ಬಗೆದು ನಾವು ಮೂರು ವರ್ಷ ಅದರ ಬುಡಕ್ಕೆ ಸಗಣಿ ಗೊಬ್ಬರ ಸುರಿದೆವು. ಮರ ಇನ್ನಷ್ಟು ಹಸುರಾಯಿತೇ ಹೊರತು ಕಾಯಿ ಹಿಡಿಯಲಿಲ್ಲ. ಕೊರತೆ ಇದ್ದದ್ದು ಬುಡದಲ್ಲಲ್ಲ, ಹೂವಿನಲ್ಲಿ. ಆದ್ದರಿಂದ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಮರ ಹೂವನ್ನೇ ಬಿಡುತ್ತಿಲ್ಲವೋ, ಹೂ ಬಿಟ್ಟೂ ಕಾಯಿ ಕಚ್ಚುತ್ತಿಲ್ಲವೋ, ಕಚ್ಚಿದ ಮಿಡಿ ಉದುರುತ್ತಿದೆಯೋ ಎಂಬುದನ್ನು ನೋಡಿಕೊಳ್ಳಬೇಕು.

ಹೂವೇ ಬಾರದಿದ್ದರೆ ಹೆಚ್ಚಾಗಿ ಕಾರಣ ವಯಸ್ಸು. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲಕ್ಕೆ ಬಂದರೆ, ಬೀಜದಿಂದ ಎದ್ದ ಮರ ಆರೇಳು ವರ್ಷ, ಕೆಲವೊಮ್ಮೆ ಹತ್ತು ವರ್ಷಕ್ಕೂ ಮೇಲೆ ಕಾಯಿಸುತ್ತದೆ. ದಟ್ಟ ನೆರಳಿನಲ್ಲಿರುವ ಮರಕ್ಕೂ, ಯೂರಿಯಾ ಹೆಚ್ಚಾಗಿ ಬಿದ್ದ ಮರಕ್ಕೂ ಹೂ ಕಡಿಮೆ. ಹೂ ಬರುವುದು ರೆಂಬೆಗಳ ತುದಿಯಲ್ಲಾದ್ದರಿಂದ, ಮಳೆಗಾಲ ಮುಗಿದ ಮೇಲೆ ಅಂದಕ್ಕೆಂದು ತುದಿ ಸವರಿದವರು ಆ ವರ್ಷದ ಹೂವನ್ನೇ ಸವರಿದಂತೆ. ಸವರುವುದೇ ಆದರೆ ಕೊಯ್ಲು ಮುಗಿದ ಕೂಡಲೇ, ಅದೂ ಮಿತವಾಗಿ ಸವರಬೇಕು.

ಹೂ ಬಿಟ್ಟೂ ಕಾಯಿ ಕಚ್ಚದ ಮರದ ವಿಷಯವೇ ಬೇರೆ. ಈ ಮರದ ಹೂವು ಬೇಳೆಕಾಳಿಗಿಂತ ತುಸು ದೊಡ್ಡದು, ಹಸುರು ಬೆರೆತ ತಿಳಿಹಳದಿ ಬಣ್ಣದ್ದು; ಗಂಡು ಹೆಣ್ಣು ಎರಡೂ ಭಾಗಗಳು ಒಂದೇ ಹೂವಿನಲ್ಲಿದ್ದರೂ ಅವು ಒಟ್ಟಿಗೆ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಹೂವೂ ಎರಡು ದಿನಗಳಲ್ಲಿ ಎರಡು ಬಾರಿ ಅರಳುತ್ತದೆ. ಮೊದಲ ಸಲ ಅರಳಿದಾಗ ಗಂಡು ಭಾಗಗಳಾದ ಒಂಬತ್ತು ಕೇಸರಗಳೂ ಎಸಳಿನ ಮೇಲೆ ಹೊರಕ್ಕೆ ಮಲಗಿರುತ್ತವೆ, ನಟ್ಟನಡುವೆ ಹೆಣ್ಣು ಭಾಗವಾದ ಬಿಳಿಯ ಶಲಾಕೆಯೊಂದೇ ನೆಟ್ಟಗೆ ನಿಂತಿರುತ್ತದೆ; ಅದು ಹೆಣ್ಣಿನ ಹೊತ್ತು. ಕೆಲವು ಗಂಟೆಗಳಲ್ಲಿ ಹೂ ಮುಚ್ಚಿಕೊಳ್ಳುತ್ತದೆ. ಮರುದಿನ ಮತ್ತೆ ಅರಳಿದಾಗ ಕೇಸರಗಳು ಎದ್ದು ನಿಂತಿರುತ್ತವೆ, ಪರಾಗದ ಚೀಲಗಳ ಪುಟ್ಟ ಮುಚ್ಚಳಗಳು ಮೇಲಕ್ಕೆ ಮಗುಚಿ ಹಳದಿ ಪರಾಗ ಅಂಟಿಕೊಂಡಿರುತ್ತದೆ, ಅಷ್ಟರಲ್ಲಿ ಶಲಾಕೆಯ ತುದಿ ಕಂದಾಗತೊಡಗಿರುತ್ತದೆ. ಅದು ಗಂಡಿನ ಹೊತ್ತು. ಕೈಯಲ್ಲೊಂದು ಭೂತಗನ್ನಡಿ ಇದ್ದರೆ ಇದನ್ನೆಲ್ಲ ಕಣ್ಣಾರೆ ಕಾಣಬಹುದು. ನಾನು ಮೊದಲ ಬಾರಿ ಕಂಡ ದಿನ ಅಂಗಳದಲ್ಲೇ ಬಹಳ ಹೊತ್ತು ನಿಂತುಬಿಟ್ಟಿದ್ದೆ.

ಎಲ್ಲ ಮರಗಳಿಗೂ ಈ ಹೊತ್ತು ಒಂದೇ ಅಲ್ಲ. ಎ ಗುಂಪಿನ ಮರದ ಹೂ ಬೆಳಗ್ಗೆ ಹೆಣ್ಣಾಗಿ ಅರಳಿ, ಮರುದಿನ ಮಧ್ಯಾಹ್ನ ಗಂಡಾಗಿ ಅರಳುತ್ತದೆ. ಬಿ ಗುಂಪಿನ ಮರದ ಹೂ ಮಧ್ಯಾಹ್ನ ಹೆಣ್ಣಾಗಿ ಅರಳಿ, ಮರುದಿನ ಬೆಳಗ್ಗೆ ಗಂಡಾಗುತ್ತದೆ. ಜಗತ್ತಿನೆಲ್ಲೆಡೆ ಮಾರಾಟವಾಗುವ ಹಾಸ್ ತಳಿ ಎ ಗುಂಪಿನದು, ಹಳೆಯ ಹೆಸರಾದ ಫುಯೆರ್ಟೆ ಬಿ ಗುಂಪಿನದು. ಎರಡೂ ಗುಂಪಿನ ಮರಗಳು ಹತ್ತಿರದಲ್ಲಿದ್ದು ಒಂದೇ ಕಾಲಕ್ಕೆ ಹೂ ಬಿಟ್ಟರೆ ಒಂದರ ಪರಾಗ ಇನ್ನೊಂದಕ್ಕೆ ಒದಗುತ್ತದೆ. ಚಳಿ ಮೋಡಗಳ ದಿನಗಳಲ್ಲಿ ಹೊತ್ತು ಏರುಪೇರಾಗಿ, ಒಂಟಿ ಮರದಲ್ಲೂ ಗಂಡು ಹೆಣ್ಣು ಹೂಗಳು ಸ್ವಲ್ಪ ಕಾಲ ಒಟ್ಟಿಗೆ ಅರಳಿರುವುದುಂಟು. ಒಂಟಿ ಮರಗಳು ಒಮ್ಮೊಮ್ಮೆ ನಾಲ್ಕಾರು ಕಾಯಿ ಕೊಡುವುದು ಹೀಗೆ. ಆದರೆ ಅದನ್ನು ನಂಬಿ ಕೂರುವಂತಿಲ್ಲ.

ನಿಮ್ಮ ಮರ ಯಾವ ಗುಂಪಿನದೆಂದು ತಿಳಿಯಲು, ಬಿಸಿಲು ಚೆನ್ನಾಗಿರುವ ನಾಲ್ಕೈದು ದಿನ ಬೆಳಗ್ಗೆ ಹತ್ತರ ಸುಮಾರಿಗೆ ಮತ್ತು ಮಧ್ಯಾಹ್ನ ಮೂರರ ಸುಮಾರಿಗೆ ಅರಳಿದ ಹೂಗಳನ್ನು ನೋಡಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಕೇಸರಗಳು ಮಲಗಿದ್ದರೆ ಎ, ಎದ್ದು ನಿಂತಿದ್ದರೆ ಬಿ. ಒಂದು ದಿನದ ನೋಟದಿಂದ ತೀರ್ಮಾನಿಸಬೇಡಿ, ಏಕೆಂದರೆ ಹಿಂದಿನ ರಾತ್ರಿಯ ಚಳಿಯೊಂದೇ ಲೆಕ್ಕ ತಪ್ಪಿಸಬಲ್ಲದು.

ಗುಂಪು ತಿಳಿದ ಮೇಲೆ ಅದಕ್ಕೆ ಜೊತೆಯಾಗುವ ಇನ್ನೊಂದು ಗುಂಪಿನ ಗಿಡವನ್ನು ನೆಡಬಹುದು. ಜಾಗವಿಲ್ಲದ ಮನೆಗೆ ನನ್ನ ಆಯ್ಕೆ ಬೇರೆ: ಇರುವ ಮರದ ಒಂದೆರಡು ಕೊಂಬೆಗಳಿಗೇ ಜೊತೆಗುಂಪಿನ ಕಸಿ ಕಟ್ಟುವುದು. ಜಡಿಮಳೆಯ ದಿನಗಳನ್ನು ಬಿಟ್ಟು, ಮರ ಹೊಸ ಚಿಗುರು ಹೊರಡಿಸುವ ಕಾಲದಲ್ಲಿ, ಚೆನ್ನಾಗಿ ಕಾಯಿ ಬಿಡುವ ಮರದಿಂದ ಪೆನ್ಸಿಲ್ ಗಾತ್ರದ, ತುದಿಮೊಗ್ಗು ಉಬ್ಬಿದ ಕಡ್ಡಿ ತರಬೇಕು. ಅಷ್ಟೇ ದಪ್ಪದ ರೆಂಬೆಯನ್ನು ಕತ್ತರಿಸಿ ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಸಿಪ್ಪೆಗೆ ಸಿಪ್ಪೆ ತಾಗುವಂತೆ ಕೂರಿಸಿ, ಪಾಲಿಥಿನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕೊಟ್ಟೆಯನ್ನು ಟೊಪ್ಪಿಗೆಯಂತೆ ತೊಡಿಸಬೇಕು. ಕಸಿಯ ಕೆಳಗೆ ಒಡೆಯುವ ಮೂಲ ಮರದ ಚಿಗುರುಗಳನ್ನು ತಪ್ಪದೆ ಚಿವುಟಬೇಕು. ಅಭ್ಯಾಸವಿಲ್ಲದವರ ಕಸಿ ಹೆಚ್ಚಾಗಿ ಕೆಡುವುದು ಇಲ್ಲೇ. ಕಸಿ ಗಿಡವನ್ನೇ ಕೊಳ್ಳುವವರು ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಬಹುದು. ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳು ಅಲ್ಲಿಂದಲೇ ಬಂದವು.

ಜೊತೆ ಮರವಿದ್ದರೂ ಪರಾಗ ಹೊರುವವರು ಬೇಕು. ಆ ಕೆಲಸವನ್ನು ಹೆಚ್ಚಾಗಿ ಜೇನುಹುಳುಗಳೂ ನೊಣಗಳೂ ಮಾಡುತ್ತವೆ. 1990ರ ದಶಕದ ಆರಂಭದಲ್ಲಿ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ತಗುಲಿ ನಮ್ಮ ಕಡೆಯ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದದ್ದನ್ನು ಹಿರಿಯರು ಇಂದಿಗೂ ನೊಂದು ನೆನೆಯುತ್ತಾರೆ. ಸಾಧ್ಯವಾದರೆ ಮರದ ಹತ್ತಿರ ಒಂದು ಜೇನುಪೆಟ್ಟಿಗೆ ಇಡಿ. ಅದಾಗದಿದ್ದರೂ, ಹೂ ಇರುವ ದಿನಗಳಲ್ಲಿ ಮರಕ್ಕಾಗಲಿ ಪಕ್ಕದ ತರಕಾರಿ ಮಡಿಗಾಗಲಿ ಕೀಟನಾಶಕ ಹೊಡೆಯಬೇಡಿ.

ಇನ್ನು ಬುಡದ ಮಾತು. ಬೆಣ್ಣೆಹಣ್ಣಿನ ಬೇರುಗಳಲ್ಲಿ ಹೆಚ್ಚಿನವು ಮೇಲುಮಣ್ಣಿನಲ್ಲೇ ಹರಡುತ್ತವೆ. ನೀರು ನಿಂತರೆ ಫೈಟಾಫ್ತೊರಾ ಎಂಬ ರೋಗಾಣು ತಗುಲಿ ಬೇರು ಕಪ್ಪಾಗಿ ಕೊಳೆಯುತ್ತದೆ, ಎಲೆ ಚಿಕ್ಕದಾಗಿ ಬಿಳಿಚುತ್ತದೆ, ರೆಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ. ಮಳೆಗಾಲಕ್ಕೆ ಮೊದಲೇ ಬುಡದಿಂದ ನೀರು ಹರಿದುಹೋಗಲು ಕಾಲುವೆ ತೆಗೆಯಿರಿ, ಹೊಸ ಗಿಡವನ್ನು ಗುಂಡಿಯಲ್ಲಿ ಇಳಿಸದೆ ಮಣ್ಣಿನ ದಿಬ್ಬದ ಮೇಲೆ ನೆಡಿ. ಬುಡವನ್ನು ಅಗೆಯಬೇಡಿ, ಕಾಂಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ದಪ್ಪವಾಗಿ ತರಗೆಲೆ ಹೊದಿಸಿ. ಬೋರ್‌ವೆಲ್ಲಿನ ಉಪ್ಪುನೀರು ಕುಡಿದ ಮರದ ಎಲೆಯಂಚು ಸುಟ್ಟಂತೆ ಕಾಣುತ್ತದೆ. ಅಂಥಲ್ಲಿ ಚಾವಣಿಯ ಮಳೆನೀರನ್ನು ಹಿಡಿದಿಟ್ಟು ಉಣಿಸುವುದು ಲೇಸು.

ಮಿಡಿ ಉದುರಿದರೆ ಹೆದರಬೇಕಿಲ್ಲ. ಸಾವಿರ ಹೂವಿಗೆ ಒಂದು ಕಾಯಿ ಉಳಿದರೂ ಈ ಮರಕ್ಕೆ ಅದು ಒಳ್ಳೆಯ ಫಸಲೇ. ಹೂ ಕಳೆದು ಮಿಡಿ ನಿಲ್ಲುವ ವಾರಗಳಲ್ಲಿ ಮಾತ್ರ ಮಣ್ಣು ಪೂರ್ತಿ ಒಣಗಲೂ ಬಾರದು, ಕೆಸರಾಗಲೂ ಬಾರದು. ಮಣ್ಣು ಪರೀಕ್ಷೆಯಲ್ಲಿ ಬೋರಾನ್ ಕೊರತೆ ಕಂಡರೆ, ಹೂಗೊಂಚಲು ಹೊರಡುವಾಗ ಲೀಟರ್ ನೀರಿಗೆ 1 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಒಮ್ಮೆ ಸಿಂಪಡಿಸಬಹುದು. ಒಂದು ವರ್ಷ ಹೊರೆ ಕಾಯಿ ಹೊತ್ತ ಮರ ಮರುವರ್ಷ ಬಳಲುವುದು ಸಹಜ, ಅದನ್ನು ರೋಗವೆಂದು ಬಗೆಯಬಾರದು.

ಕಾಯಿ ಮರದ ಮೇಲೆ ಹಣ್ಣಾಗಲಿ ಎಂದು ಕಾಯುತ್ತ ಕೂತವರು ಅದನ್ನು ಅಳಿಲಿಗೆ ಬಿಟ್ಟುಕೊಡುತ್ತಾರೆ, ಏಕೆಂದರೆ ಇದು ಮೆತ್ತಗಾಗುವುದು ಕೊಯ್ದ ಮೇಲೆಯೇ. ದೊಡ್ಡ ಕಾಯಿಯೊಂದನ್ನು ತೊಟ್ಟಿನ ಚೂರು ಸಹಿತ ಕೊಯ್ದು ಅಡುಗೆಮನೆಯ ಗೂಡಿನಲ್ಲಿಡಿ. ಒಂದು ವಾರದೊಳಗೆ ಸಿಪ್ಪೆ ಸುಕ್ಕಾಗದೆ ಒಂದೇ ಸಮನಾಗಿ ಮೆತ್ತಗಾದರೆ ಅದೇ ಗಾತ್ರದ ಉಳಿದ ಕಾಯಿಗಳನ್ನೂ ಇಳಿಸಬಹುದು. ಸುಕ್ಕಾಗಿ ರಬ್ಬರಿನಂತಾದರೆ ಹದಿನೈದು ದಿನ ಬಿಟ್ಟು ಇನ್ನೊಂದನ್ನು ಕೊಯ್ದು ನೋಡಿ.